ಮಾತು ಬಲ್ಲ ಮಕ್ಕಳಿಗೆ ಸನ್ನೆಯ ಭಾಷೆ

(ನಮ್ಮ ಶಾಲೆಯ ಪೋಷಕರ ದಿನದಂದು ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ., ಮಾಡಿದ ಭಾಷಣ)



ಪ್ರತಿವರ್ಷವೂ ಈ ದಿನ ಪರೀಕ್ಷೆಯ ಫಲಿತಾಂಶ, ಮಕ್ಕಳ ಹಾಜರಿ, ಕಟ್ಟಡದ ನಿಧಿ ಮುಂತಾದುವನ್ನು ಕುರಿತು ತಮ್ಮಲ್ಲಿ ಅರಿಕೆಮಾಡಿಕೊಳ್ಳುವುದು ನಮ್ಮ ವಾಡಿಕೆ. ಅವೆಲ್ಲವೂ ಈ ಸಲ ಕಾರ್ಯದರ್ಶಿಗಳ ವರದಿಯಲ್ಲಿಯೇ ಬಂದಿರುವುದರಿಂದ ನಾವು ಬೇರೊಂದು ವಿಷಯವನ್ನು ಎತ್ತಿಕೊಳ್ಳಲು ಅಪ್ಪಣೆ ಬೇಡುತ್ತೇವೆ. ಕಳೆದ ಜೂನ್ ತಿಂಗಳಿನಿಂದ ನಮ್ಮ ಒಂದನೆಯ ತರಗತಿಯಲ್ಲಿ ಪ್ರತಿ ಶುಕ್ರವಾರ ಕಾಲು ಗಂಟೆಯ ಕಾಲ ಸನ್ನೆಭಾಷೆಯನ್ನು ಕಲಿಸಲಾಗುತ್ತಿದೆ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುವ ಕಿವುಡ ತರುಣರೊಬ್ಬರು ಬಂದು ಮಕ್ಕಳಿಗೆ ಪಾಠ ಹೇಳುತ್ತಾರೆ. ತರಗತಿಯಲ್ಲಿ ಕಿವುಡ ಮಕ್ಕಳು ಯಾರೂ ಇಲ್ಲ. ಕಲಿಯುತ್ತಿರುವವರೆಲ್ಲರೂ ಚೆನ್ನಾಗಿ ಕೇಳಬಲ್ಲ, ಚೆನ್ನಾಗಿ ಹರಟಬಲ್ಲ ಮಕ್ಕಳೇ.

ಇದನ್ನು ಕಂಡು ಒಬ್ಬ ತಾಯಿ ನಮ್ಮಲ್ಲಿಗೆ ಬಂದು ಕೇಳಿದರು: “ಮೇಷ್ಟ್ರೇ, ನಮ್ಮ ಹುಡುಗಿಗೆ ದೇವರು ಕಿವಿ ಬಾಯಿ ಎರಡನ್ನೂ ಕೊಟ್ಟಿದ್ದಾನೆ. ಮನೆಯಲ್ಲಿ ಹತ್ತು ತಿಂಗಳ ಕೂಸು ಬೇರೆ ಇದೆ. ಅಕ್ಕನನ್ನು ನೋಡಿ ಅದೂ ಕೈ ಆಡಿಸುವುದಕ್ಕೆ ತೊಡಗಿದೆ. ಕೈಯಿಂದಲೇ ಕೆಲಸ ಆಗಿಬಿಟ್ಟರೆ ಅದಕ್ಕೆ ಮಾತು ಬರುವುದು ತಡವಾಗುವುದಿಲ್ಲವೇ?”

ಈ ಪ್ರಶ್ನೆಯು ನ್ಯಾಯವಾದದ್ದು. ಇಲ್ಲಿ ಕುಳಿತಿರುವ ಅನೇಕರ ಮನಸ್ಸಿನಲ್ಲಿಯೂ ಇದೇ ಶಂಕೆ ಇದ್ದೀತು. ಇದಕ್ಕೆ ಉತ್ತರ ಹೇಳುವ ಮೊದಲು ನಮ್ಮದೇ ಆದ ಒಂದು ತಪ್ಪನ್ನು ತಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಆರು ವರ್ಷಗಳ ಹಿಂದಿನ ಮಾತು. ಪಲ್ಲಡಂ ಕಡೆಯ ಹಳ್ಳಿಯೊಂದರಿಂದ, ಪವರ್‌ಲೂಮ್ ಮಗ್ಗದಲ್ಲಿ ಕೆಲಸ ಮಾಡುವ ತಂದೆಯೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರ ಹಿರಿಯ ಮಗಳು ಆಗ ನಮ್ಮಲ್ಲಿ ಎರಡನೆಯ ತರಗತಿಯಲ್ಲಿದ್ದಳು. ಕಿರಿಯ ಮಗನಿಗೆ ಎರಡೂವರೆ ವರ್ಷ ತುಂಬಿದ್ದರೂ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಏನು ಮಾಡುವುದೆಂದು ಕೇಳಿದರು. ನಾವು ಬಹು ಧೈರ್ಯದಿಂದ ಉತ್ತರ ಕೊಟ್ಟೆವು: “ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಟೆಲಿವಿಷನ್ನಿನಲ್ಲಿ ಮತ್ತೊಂದು. ಮೂರು ಭಾಷೆಗಳ ನಡುವೆ ಸಿಕ್ಕಿದ ಮಗು ಕೊಂಚ ತಡವಾಗಿಯೇ ಬಾಯಿ ಬಿಡುತ್ತದೆ. ಗಂಡುಮಕ್ಕಳಂತೂ ನಿಧಾನ. ಚಿಂತೆ ಬೇಡ, ಕಾದು ನೋಡಿ.” ಮನೆಯಲ್ಲಿ ಅಜ್ಜಿಯೂ ಹರಕೆ ಹೊತ್ತು ಕಾಯಿರೆಂದೇ ಹೇಳಿದ್ದರಂತೆ. ಮೇಷ್ಟ್ರೂ ಅದನ್ನೇ ಹೇಳಿದ ಮೇಲೆ ಆ ತಂದೆ ಕಾದರು. ಹುಡುಗನಿಗೆ ನಾಲ್ಕೂವರೆ ವರ್ಷವಾದಾಗ ಯಾರದೋ ಬಲವಂತಕ್ಕೆ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರು. ಹುಟ್ಟಿದಂದಿನಿಂದಲೂ ಅವನ ಎರಡು ಕಿವಿಗಳಿಗೂ ಕೇಳಿಸುತ್ತಿರಲಿಲ್ಲವೆಂಬುದು ಆಗ ತಿಳಿಯಿತು.

ವಿಷಯ ಕೇಳಿ ನಾವು ಅವರ ಮನೆಗೆ ಹೋದೆವು. ಮನೆಯ ಹಿಂಬದಿಯಲ್ಲಿಯೇ ಮಗ್ಗಗಳು ಬಡಿಯುತ್ತಿದ್ದುವು. ಆ ಹುಡುಗ ಮೂಲೆಯಲ್ಲಿ ನೂಲಿನ ಖಾಲಿ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಆಡುತ್ತಿದ್ದ. ಮನೆಯವರು ಅವನಿಗೆ ಊಟವನ್ನು ಕೊಡುತ್ತಿದ್ದರು, ಬಟ್ಟೆ ತೊಡಿಸುತ್ತಿದ್ದರು, ಮುದ್ದಿಸುತ್ತಿದ್ದರು. ಆದರೆ ಅವನೊಡನೆ ಯಾರೂ ಮಾತನಾಡುತ್ತಿರಲಿಲ್ಲ. ಪ್ರೀತಿಯ ಕೊರತೆಯಿಂದಲ್ಲ, ದಾರಿ ತಿಳಿಯದೆ. ಒಂಬತ್ತು ವರ್ಷದ ಅಕ್ಕ ಮಾತ್ರ ಅವನ ಭುಜವನ್ನು ತಟ್ಟಿ, ನಮ್ಮತ್ತ ಬೆರಳು ತೋರಿಸಿ, ಅಂಗೈಯ ಮೇಲೆ ಬರೆಯುವಂತೆ ಮಾಡಿ, ಕಿವಿ ಹಿಂಡುವ ಅಭಿನಯವನ್ನೂ ಮಾಡಿ ತೋರಿಸಿದಳು. ಬಂದಿರುವವರು ತನ್ನ ಮೇಷ್ಟ್ರು ಎಂಬುದು ಅದರ ಅರ್ಥ. ಹುಡುಗ ನಕ್ಕುಬಿಟ್ಟ. ಒಡನೆಯೇ ತಾಯಿ ಅವಳ ಕೈಗಳನ್ನು ಹಿಡಿದು ಇಳಿಸಿ, “ಹೀಗೆ ಕೈ ಆಡಿಸಬೇಡ ಎಂದು ಎಷ್ಟು ಸಲ ಹೇಳಿಲ್ಲ? ಆಮೇಲೆ ಅವನು ಬಾಯಿ ತೆರೆಯುವುದೇ ಇಲ್ಲ” ಎಂದು ಗದರಿದರು.

ತಾಯಿಯ ಆ ಹೆದರಿಕೆಗೂ ಎರಡು ವರ್ಷಗಳ ಹಿಂದೆ ನಾವು ಕೊಟ್ಟಿದ್ದ ಉಪದೇಶಕ್ಕೂ ಮೂಲ ಒಂದೇ ಆಗಿತ್ತು. ಭಾಷೆ ಎಂದರೆ ಬಾಯಿಯದು ಮಾತ್ರ, ಒಂದು ಭಾಷೆ ಮತ್ತೊಂದರ ಸ್ಥಳವನ್ನು ಕಬಳಿಸುತ್ತದೆ ಎಂಬ ತಪ್ಪು ತಿಳಿವಳಿಕೆಯೇ ಅದು. ಆ ಮನೆಯಲ್ಲಿ ಆ ಮಗುವಿಗೆ ತಲುಪುತ್ತಿದ್ದುದು ಒಂದೇ ಭಾಷೆ. ಅದನ್ನು ಕಟ್ಟಿದವಳು ನಮ್ಮ ಶಾಲೆಯ ಹುಡುಗಿ. ನಾವು ದೊಡ್ಡವರು ಸೇರಿ ಅದನ್ನು ತಡೆಯುತ್ತಿದ್ದೆವು. ಶುಕ್ರವಾರದ ಆ ಕಾಲು ಗಂಟೆಗೆ ಮೂಲಕಾರಣ ಇದು.

ಈಗ ತಾಯಿ ಕೇಳಿದ ಪ್ರಶ್ನೆಗೆ ಬರೋಣ. ಕೇಳಬಲ್ಲ ಕೂಸಿಗೆ ಸನ್ನೆ ಕಲಿಸಿದರೆ ಮಾತು ತಡವಾಗುವುದೇ?

ಎಳೆಯ ಕೂಸು ಮಾತಿಗಿಂತ ಮೊದಲು ಕೈಯನ್ನು ಬಳಸುತ್ತದೆಂಬುದನ್ನು ತಾಯಂದಿರಾದ ತಾವು ನಮಗಿಂತ ಚೆನ್ನಾಗಿ ಬಲ್ಲಿರಿ. ಮೊದಲ ಅರ್ಥವತ್ತಾದ ಮಾತು ಹೊರಡುವುದು ಸಾಮಾನ್ಯವಾಗಿ ಒಂದು ವರ್ಷದ ಹೊತ್ತಿಗೆ. ಆದರೆ ಒಂಬತ್ತು ಹತ್ತು ತಿಂಗಳಿಗೇ ಕೂಸು ಬೆರಳು ಚಾಚಿ ಬೇಕಾದುದನ್ನು ತೋರಿಸುತ್ತದೆ, ಎತ್ತಿಕೊಳ್ಳಿರೆಂದು ಎರಡು ಕೈಗಳನ್ನೂ ಮೇಲೆತ್ತುತ್ತದೆ, ಒಲ್ಲದ ತುತ್ತಿಗೆ ಮುಖ ತಿರುಗಿಸುತ್ತದೆ. ನಾವು ಅದಕ್ಕೆ ಚಪ್ಪಾಳೆ ತಟ್ಟಲು ಕಲಿಸುತ್ತೇವೆ. ದೇವರಿಗೆ ಕೈಮುಗಿಯಲು ಕಲಿಸುತ್ತೇವೆ. ಚಂದಮಾಮನನ್ನು ಕೈಬೀಸಿ ಕರೆಯಲು ಕಲಿಸುತ್ತೇವೆ. ಬುವ್ವ ಎನ್ನುವಾಗ ಐದು ಬೆರಳನ್ನೂ ಕೂಡಿಸಿ ಬಾಯಿಗೆ ಹಿಡಿಯುತ್ತೇವೆ, ತಾಚಿ ಎನ್ನುವಾಗ ಅಂಗೈಯನ್ನು ಕೆನ್ನೆಗೆ ಒತ್ತಿ ತಲೆ ವಾಲಿಸುತ್ತೇವೆ. ಇವುಗಳಿಂದ ಯಾವ ಕೂಸಿಗೂ ಮಾತು ತಪ್ಪಿಹೋದ ಉದಾಹರಣೆ ಇಲ್ಲ. ಹಾಗಾದರೆ ಸನ್ನೆಯೆಂಬುದು ನಮ್ಮ ತೊಟ್ಟಿಲಿನ ಬಳಿ ಹೊಸದಾಗಿ ಬಂದು ನಿಂತ ಅತಿಥಿಯಲ್ಲ.

ಕಲಿತವರು ಈ ವಿಷಯವನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲಿಂಡಾ ಅಕ್ರೆಡೊಲೊ ಮತ್ತು ಸೂಸನ್ ಗುಡ್‌ವಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1980ರ ದಶಕದಲ್ಲಿ, ಕೇಳಬಲ್ಲ ಕೂಸುಗಳು ಮಾತಿಗೆ ಮುನ್ನ ತಾವೇ ಸನ್ನೆಗಳನ್ನು ಕಟ್ಟಿಕೊಳ್ಳುವುದನ್ನು ಗಮನಿಸಿ ಅಭ್ಯಾಸ ಮಾಡಿದರು. ಅವರು 1996ರಲ್ಲಿ ಬರೆದ ಪುಸ್ತಕದಿಂದ ಆ ದೇಶದಲ್ಲಿ ಕೂಸುಗಳಿಗೆ ಸನ್ನೆ ಕಲಿಸುವ ಪದ್ಧತಿ ಮನೆಮನೆಗೂ ಹಬ್ಬಿತು. ಕಾಲಕ್ರಮದಲ್ಲಿ ಅದು ವ್ಯಾಪಾರವೂ ಆಯಿತು. ಸನ್ನೆ ಕಲಿತ ಕೂಸು ಬೇಗ ಮಾತನಾಡುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ಹೇಳಿ ಪುಸ್ತಕ, ಪಾಠ, ಚಿತ್ರಪಟಗಳನ್ನು ಮಾರುವವರು ಹುಟ್ಟಿಕೊಂಡರು.

ಈ ಹೇಳಿಕೆಯನ್ನು ತಾವು ನಂಬಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ತಾಯಂದಿರನ್ನೂ ಅವರ ಕೂಸುಗಳನ್ನೂ, ಕೂಸಿಗೆ ಎಂಟು ತಿಂಗಳಾದಂದಿನಿಂದ ಇಪ್ಪತ್ತು ತಿಂಗಳು ತುಂಬುವವರೆಗೆ ಹಿಂಬಾಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸನ್ನೆ ಕಲಿತ ಕೂಸುಗಳು ಇತರ ಕೂಸುಗಳಿಗಿಂತ ಮಾತಿನಲ್ಲಿ ಮುಂದಾಗಲಿಲ್ಲ. ಆದರೆ ಸನ್ನೆ ಕಲಿಸಿದ ತಾಯಂದಿರಲ್ಲಿ ಒಂದು ವ್ಯತ್ಯಾಸ ಕಂಡುಬಂದಿತು. ಕೂಸು ಬಾಯಿ ಬಿಡದೆ ತೋರಿಸುವ ಇಂಗಿತಗಳಿಗೆ ಅವರು ಹೆಚ್ಚಾಗಿ ಸ್ಪಂದಿಸತೊಡಗಿದ್ದರು. ಅಂದರೆ, ಸನ್ನೆ ಕಲಿಸುವ ನೆವದಿಂದ ತಾಯಿ ಮಗುವಿನ ಮುಖವನ್ನು, ಕೈಯನ್ನು, ಕಣ್ಣಿನ ನೋಟವನ್ನು ಹೆಚ್ಚು ಗಮನಿಸಲು ಕಲಿತಳು. ಕೈಯಲ್ಲಿ ಟೆಲಿಫೋನು ಹಿಡಿದು ಮಗುವಿಗೆ ಉಣ್ಣಿಸುವ ಈ ಕಾಲದಲ್ಲಿ ಅಷ್ಟೇ ಲಾಭ ದೊರೆತರೂ ಅದು ಚಿಕ್ಕದಲ್ಲವೆಂದು ನಮ್ಮ ಭಾವನೆ.

ತಡವಾಗುವುದೋ ಎಂಬ ಭಯಕ್ಕೆ ಇನ್ನೂ ನೇರವಾದ ಉತ್ತರವುಂಟು. ಕಿವುಡ ತಂದೆತಾಯಿಗಳಿಗೆ ಹುಟ್ಟಿದ ಕೇಳಬಲ್ಲ ಮಕ್ಕಳು ಪ್ರಪಂಚದಾದ್ಯಂತ ಇದ್ದಾರೆ. ಅವರು ಮನೆಯಲ್ಲಿ ಸನ್ನೆಭಾಷೆಯನ್ನೂ, ಅಜ್ಜ ಅಜ್ಜಿಯರಿಂದಲೂ ನೆರೆಹೊರೆಯಿಂದಲೂ ಬಾಯಿಮಾತನ್ನೂ ಕೂಡಿಯೇ ಕಲಿಯುತ್ತಾರೆ. ಎರಡನ್ನೂ ಕೇಳುವ ನೋಡುವ ಅವಕಾಶವಿದ್ದರೆ ಎರಡೂ ತಕ್ಕ ವಯಸ್ಸಿಗೇ ಬರುತ್ತವೆ. ಹೀಗಿರುವಾಗ, ಇಡೀ ದಿನ ಕನ್ನಡವನ್ನು ಕೇಳುತ್ತ ಬೆಳೆಯುವ ಕೂಸು ಹತ್ತಾರು ಸನ್ನೆಗಳನ್ನು ಕಲಿತ ಮಾತ್ರಕ್ಕೆ ಮಾತು ಮರೆತೀತೆ? ಕನ್ನಡದ ಜೊತೆಗೆ ತಮಿಳನ್ನು ಆಡುವ ನಮ್ಮ ಮಕ್ಕಳೇ ಇದಕ್ಕೆ ಸಾಕ್ಷಿ. ಅಂಗಡಿಯಲ್ಲಿ ಚೊಕ್ಕ ತಮಿಳಿನಲ್ಲಿ ಚಿಲ್ಲರೆಯ ಲೆಕ್ಕ ಕೇಳಿ, ಮನೆಗೆ ಬಂದು ಅಜ್ಜಿಗೆ ಚೊಕ್ಕ ಕನ್ನಡದಲ್ಲಿ ಒಪ್ಪಿಸುವ ಆರು ವರ್ಷದ ಮಗುವನ್ನು ನೋಡಿಯೂ, ಭಾಷೆಗಳು ಒಂದನ್ನೊಂದು ನುಂಗುತ್ತವೆಂದು ನಾವು ಆ ತಂದೆಗೆ ಹೇಳಿದೆವಲ್ಲ ಎಂಬ ವ್ಯಥೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ತಡವಾಗುವುದಿಲ್ಲ ಸರಿ, ಬೇಗ ಬರುವುದೂ ಇಲ್ಲವೆಂದ ಮೇಲೆ ಏತಕ್ಕಾಗಿ ಕಲಿಸಬೇಕು, ಎಂದು ತಾವು ಕೇಳಬಹುದು. ಇದಕ್ಕೆ ಉತ್ತರವನ್ನು ಕನ್ನಡನಾಡಿನದೇ ಆದ ಒಂದು ಊರು ಹೇಳುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರವೆಂಬ ಊರಿದೆ. ಷಿಯಾ ಮುಸಲ್ಮಾನರು ಬಹುಸಂಖ್ಯೆಯಲ್ಲಿ ವಾಸಿಸುವ ಊರು ಅದು. ಅಲ್ಲಿ ಹುಟ್ಟುಕಿವುಡರ ಪ್ರಮಾಣ ಬೇರೆ ಊರುಗಳಿಗಿಂತ ಬಹಳ ಹೆಚ್ಚು. ಆ ಕಿವುಡರು ಯಾವ ಪಾಠಶಾಲೆಯಲ್ಲಿಯೂ ಕಲಿಯದೆ ತಮ್ಮ ನಡುವೆಯೇ ಒಂದು ಸನ್ನೆಭಾಷೆಯನ್ನು ಬೆಳೆಸಿಕೊಂಡಿದ್ದಾರೆ. ಅದು ದೇಶದ ಇತರೆಡೆಗಳಲ್ಲಿ ಬಳಕೆಯಲ್ಲಿರುವ ಭಾರತೀಯ ಸನ್ನೆಭಾಷೆಯಲ್ಲ. ಆ ಊರಿನದೇ ಭಾಷೆ. ಶಿಬಾಜಿ ಪಂಡಾ ಎಂಬ ವಿದ್ವಾಂಸರು ಅದನ್ನು ಅಭ್ಯಾಸ ಮಾಡಿ, ಹಳ್ಳಿಗಳ ಸನ್ನೆಭಾಷೆಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ವಿವರಿಸಿದ್ದಾರೆ. ನಮಗೆ ಮುಖ್ಯವಾದ ಸಂಗತಿ ಯಾವುದೆಂದರೆ, ಅಲೀಪುರದಲ್ಲಿ ಆ ಭಾಷೆ ಕಿವುಡರಿಗೆ ಮಾತ್ರ ಸೇರಿದ್ದಲ್ಲ. ಕೇಳಬಲ್ಲ ಬಂಧುಗಳು, ನೆರೆಹೊರೆಯವರು, ಸ್ನೇಹಿತರು ಅನೇಕರು ಅದನ್ನು ಬಲ್ಲರು. ಅಂಥ ಮನೆಯ ಕೂಸು ಚಿಕ್ಕಪ್ಪನ ಕೈಯನ್ನು ನೋಡುತ್ತ, ಅಜ್ಜಿಯ ಮಾತನ್ನು ಕೇಳುತ್ತ ಎರಡನ್ನೂ ತೊಡೆಯ ಮೇಲೆಯೇ ಕಲಿಯಬಹುದು.

ಇಂಥದೇ ಮತ್ತೊಂದು ಉದಾಹರಣೆ ದೂರದ ಅಮೆರಿಕದ್ದು. ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಸುಮಾರು ಎರಡೂವರೆ ಶತಮಾನಗಳ ಕಾಲ ಹುಟ್ಟುಕಿವುಡರು ಹೆಚ್ಚಾಗಿದ್ದರು. ಅಲ್ಲಿನ ಕೇಳಬಲ್ಲ ಜನರೂ ಚಿಕ್ಕಂದಿನಿಂದಲೇ ಸನ್ನೆಯನ್ನು ಕಲಿತು, ಕಿವುಡರಿಲ್ಲದ ಸ್ಥಳದಲ್ಲಿಯೂ ಅದನ್ನು ಬಳಸುತ್ತಿದ್ದರು. ಆ ಸಂತತಿಯ ಕೊನೆಯ ಕಿವುಡ ವ್ಯಕ್ತಿ ತೀರಿಕೊಂಡದ್ದು 1952ರಲ್ಲಿ. ಆಮೇಲೆ ನೋರಾ ಎಲೆನ್ ಗ್ರೋಸ್ ಎಂಬ ವಿದುಷಿ ದ್ವೀಪದ ವೃದ್ಧರನ್ನು ಕಂಡು ಅವರ ನೆನಪುಗಳನ್ನು ಸಂಗ್ರಹಿಸಿ 1985ರಲ್ಲಿ ಪುಸ್ತಕ ಬರೆದರು. ಆ ವೃದ್ಧರು ತಮ್ಮ ಹಳೆಯ ನೆರೆಯವರನ್ನು ರೈತನೆಂದೋ ಬೆಸ್ತನೆಂದೋ ನೆನೆಯುತ್ತಿದ್ದರೇ ಹೊರತು, ಕಿವುಡತನವನ್ನು ಅವರ ಮೊದಲ ಗುರುತಾಗಿ ಎಣಿಸುತ್ತಿರಲಿಲ್ಲ. ಎಲ್ಲರೂ ಸನ್ನೆ ಬಲ್ಲ ಊರಿನಲ್ಲಿ ಕಿವುಡನು ಒಂಟಿಯಲ್ಲ.

ಅಲೀಪುರವೂ ಆ ದ್ವೀಪವೂ ನಮಗೇಕೆ ಎಂದು ಯಾರೂ ಭಾವಿಸಬಾರದು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಮಿಗಿಲು. ಕಿವುಡ ಮಕ್ಕಳು ಕಿವುಡರಿಗೇ ಹುಟ್ಟುತ್ತಾರೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಅಮೆರಿಕದ ಲೆಕ್ಕದ ಪ್ರಕಾರ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗಳು ಕೇಳಬಲ್ಲವರೇ ಆಗಿದ್ದಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ನಮ್ಮ ಕುಲಗಳಲ್ಲಿಯೂ ಉಂಟು. ಹತ್ತಿರದ ರಕ್ತಸಂಬಂಧದ ಮದುವೆಗಳಿಂದ ಹುಟ್ಟುಕಿವುಡತನದ ಸಂಭವ ಹೆಚ್ಚುತ್ತದೆಂದು ವೈದ್ಯರು ಹೇಳುತ್ತಾರೆ. ಆದುದರಿಂದ ಯಾವ ಬೀದಿಯ ಯಾವ ತೊಟ್ಟಿಲಿಗೆ ಸನ್ನೆಭಾಷೆ ಅಗತ್ಯವಾದೀತೆಂದು ಮೊದಲೇ ಹೇಳಲಾಗದು. ಆ ಮಗು ಬಂದಾಗ ಅದರ ಅಕ್ಕನಿಗೆ, ಪಕ್ಕದ ಮನೆಯ ಹುಡುಗನಿಗೆ, ಶಾಲೆಯ ಮೇಷ್ಟ್ರಿಗೆ ನಾಲ್ಕು ಮಾತು ಸನ್ನೆಯಲ್ಲಿ ಬಂದರೆ ಅದು ಮೂಲೆಯಲ್ಲಿ ಕುಳಿತು ಕೊಳವೆ ಜೋಡಿಸುತ್ತ ಎರಡು ವರ್ಷ ಕಳೆಯಬೇಕಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಮಾತು ಬಲ್ಲ ಮಕ್ಕಳಿಗೆ ಸನ್ನೆ ಕಲಿಸುವುದಕ್ಕೆ ಇದೊಂದೇ ಕಾರಣ ಸಾಕು.

ಸನ್ನೆಭಾಷೆಯೆಂಬುದು ನಿಜವಾಗಿಯೂ ಭಾಷೆಯೇ, ಅಥವಾ ನಾಟಕದ ಅಭಿನಯವೇ, ಎಂದು ಕೆಲವರಿಗೆ ಸಂಶಯ. ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುವವರು ಗದ್ದಲದ ನಡುವೆ ಎಳೆ ಹರಿಯಿತೆಂದೋ ಚಹಾ ಬಂತೆಂದೋ ಕೈಯಿಂದ ಸೂಚಿಸುತ್ತಾರೆ. ಅದು ಸಂಕೇತ. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಹತ್ತಿಗಿರಣಿಗಳ ಹೆಂಗಸರೂ ಹೀಗೆಯೇ ತುಟಿಯ ಚಲನೆಯಿಂದಲೂ ಕೈಯಿಂದಲೂ ಮಾತನಾಡಿಕೊಳ್ಳುತ್ತಿದ್ದರು. ಭರತನಾಟ್ಯದ ಹಸ್ತಗಳೂ ಅರ್ಥವನ್ನು ಸೂಚಿಸುತ್ತವೆ. ಆದರೆ ಕಿವುಡರ ಭಾಷೆ ಇವೆರಡಕ್ಕಿಂತ ಬೇರೆ. ಅದಕ್ಕೆ ಶಬ್ದಭಂಡಾರವಿದೆ, ವ್ಯಾಕರಣವಿದೆ. ಭಾರತೀಯ ಸನ್ನೆಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನೆಯ ಸನ್ನೆ ವಾಕ್ಯದ ಕೊನೆಗೆ ಬರುತ್ತದೆ. ಇಲ್ಲವೆನ್ನುವ ಸನ್ನೆಯೂ ಕೊನೆಗೇ ಬರುತ್ತದೆ. ಹುಬ್ಬು, ತಲೆ, ಮುಖಭಾವಗಳೂ ಅದರಲ್ಲಿ ವ್ಯಾಕರಣದ ಕೆಲಸವನ್ನು ಮಾಡುತ್ತವೆ. ಅಮೆರಿಕದ ಸನ್ನೆಭಾಷೆಗೆ ಭಾಷೆಯ ಲಕ್ಷಣಗಳೆಲ್ಲವೂ ಇವೆಯೆಂದು ವಿಲಿಯಂ ಸ್ಟೋಕಿ ಎಂಬ ಅಧ್ಯಾಪಕರು 1960ರಲ್ಲಿ ತೋರಿಸಿಕೊಟ್ಟರು. ಹುಟ್ಟಿನಿಂದ ಸನ್ನೆಯನ್ನೇ ಕಾಣುತ್ತ ಬೆಳೆದ ಕಿವುಡ ಕೂಸುಗಳು, ನಮ್ಮ ಕೂಸುಗಳು ಬಾಯಲ್ಲಿ ಬಬ್ಬಬ್ಬ ಎನ್ನುವಂತೆಯೇ, ಕೈಯಲ್ಲಿ ತೊದಲುತ್ತವೆ ಎಂಬುದನ್ನು 1991ರಲ್ಲಿ ಲಾರಾ ಆನ್ ಪೆಟಿಟೊ ಮತ್ತು ಅವರ ಸಹೋದ್ಯೋಗಿ ವರದಿ ಮಾಡಿದರು.

ಹೀಗಿದ್ದರೂ ಬಹುಕಾಲ ಈ ಭಾಷೆಗೆ ಮರ್ಯಾದೆ ದೊರೆಯಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನವು, ಪಾಠವನ್ನು ಬಾಯಿಮಾತಿನಲ್ಲಿಯೇ ಹೇಳಬೇಕು, ಸನ್ನೆ ಕೂಡದು ಎಂದು ನಿರ್ಣಯ ಮಾಡಿತು. ಅದರ ಪರಿಣಾಮವಾಗಿ ಅನೇಕ ದೇಶಗಳ ಕಿವುಡ ಮಕ್ಕಳು ತಮ್ಮ ಶಾಲೆಯಲ್ಲಿಯೇ ತಮ್ಮ ಭಾಷೆಯನ್ನು ಮರೆಯಲ್ಲಿ ಆಡಬೇಕಾಯಿತು. ಅದೇ ಬಗೆಯ ಸಮ್ಮೇಳನವು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದವನ್ನು ಸೂಚಿಸಿತು. ನಡುವೆ ಕಳೆದುಹೋದದ್ದು 130 ವರ್ಷಗಳು.

ಇದನ್ನು ಓದಿದಾಗ ನಮಗೆ ನಮ್ಮದೇ ಪರಿಸ್ಥಿತಿ ನೆನಪಾಗದಿರಲಿಲ್ಲ. ಈ ಜಿಲ್ಲೆಗಳಲ್ಲಿ ನಾವು ಕನ್ನಡಿಗರು ಅಲ್ಪಸಂಖ್ಯಾತರು. ಮಗ್ಗದ ಮನೆಗಳಲ್ಲಿ, ಹೊಲದ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವನ್ನು ಉಳಿಸಿಕೊಂಡು ಬಂದಿದ್ದೇವೆ. ನೆರೆಯ ತಮಿಳರು ನಮ್ಮನ್ನು ಅಣ್ಣತಮ್ಮಂದಿರಂತೆ ಕಂಡಿದ್ದಾರೆ. ಅವರ ಭಾಷೆಯಲ್ಲಿಯೇ ನಾವು ಹೊರಗಿನ ವ್ಯವಹಾರವನ್ನು ನಡೆಸುತ್ತೇವೆ. ಆದರೂ ತಮ್ಮ ಭಾಷೆ ತಿಳಿಯದ ಕಚೇರಿಯಲ್ಲಿ ಹೊಸದಾಗಿ ನಿಂತ ಮುದುಕಿಯೊಬ್ಬಳ ಮುಖದ ಕಳವಳವನ್ನು ನಾವು ಬಲ್ಲೆವು. ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ನಮ್ಮಂಥ ಶಾಲೆಗಳಿಗೆ ಆಧಾರ ಅದೇ. ಮಗುವಿಗೆ ಸುಲಭವಾಗಿ ಒಗ್ಗುವ ಭಾಷೆಯಲ್ಲಿ ಮೊದಲ ಪಾಠವಾಗಬೇಕೆಂದು ನಮಗಾಗಿ ವಾದಿಸುವ ನಾವು, ಕಿವುಡ ಮಗುವಿನ ಪಾಲಿಗೆ ಅದನ್ನೇ ಅಲ್ಲಗಳೆಯಬಹುದೇ? ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವಿದೆ, ಸನ್ನೆಭಾಷೆ ಇಲ್ಲ. ಅವರು ನಮಗಿಂತಲೂ ಚಿಕ್ಕ ಅಲ್ಪಸಂಖ್ಯಾತರು.

ಸಂತೋಷದ ಸಂಗತಿಯೆಂದರೆ, ಈಗ ಕಲಿಯಲು ಸಾಧನಗಳಿಗೆ ಕೊರತೆಯಿಲ್ಲ. ನಮ್ಮ ಕೊಯಮತ್ತೂರಿನ ಹತ್ತಿರ, ಪೆರಿಯನಾಯಕ್ಕನ್‌ಪಾಳಯದ ರಾಮಕೃಷ್ಣ ಮಿಷನ್ ವಿದ್ಯಾಲಯವು 2001ರಲ್ಲಿಯೇ ಭಾರತೀಯ ಸನ್ನೆಭಾಷೆಯ ನಿಘಂಟನ್ನು ಹೊರತಂದಿತು. ಇಂಥ ಕಾರ್ಯವೊಂದು ನಮ್ಮ ಜಿಲ್ಲೆಯಲ್ಲಿಯೇ ನಡೆದಿರುವುದು ನಮಗೆಲ್ಲರಿಗೂ ಹೆಮ್ಮೆಯ ವಿಷಯ. ಕೇಂದ್ರ ಸರ್ಕಾರವು 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿತು. ಆ ಕೇಂದ್ರದ ನಿಘಂಟು 2018ರಲ್ಲಿ 3,000 ಶಬ್ದಗಳಿಂದ ಮೊದಲಾಗಿ 2021ರಲ್ಲಿ 10,000 ಶಬ್ದಗಳಿಗೆ ಬೆಳೆಯಿತು. ಅದನ್ನು ಯಾರು ಬೇಕಾದರೂ ಹಣ ಕೊಡದೆ ಟೆಲಿಫೋನಿನಲ್ಲಿಯೇ ನೋಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸನ್ನೆಭಾಷೆಯನ್ನು ದೇಶದಾದ್ಯಂತ ಒಂದು ಕ್ರಮಕ್ಕೆ ತರಬೇಕೆಂದು ಹೇಳಿದೆ. 2021ರಿಂದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಪ್ರೌಢಶಾಲೆಯ ಹಂತದಲ್ಲಿ ಅದನ್ನು ಒಂದು ಭಾಷಾವಿಷಯವಾಗಿ ಅಂಗೀಕರಿಸಿದೆ.

ಮನೆಯಲ್ಲಿ ಇದನ್ನು ಹೇಗೆ ಮಾಡಬೇಕೆಂಬುದನ್ನು ಕೆಲವು ಮಾತುಗಳಲ್ಲಿ ಹೇಳುತ್ತೇವೆ. ಕೂಸಿಗೆ ಆರರಿಂದ ಎಂಟು ತಿಂಗಳಾದಾಗ ಮೊದಲುಮಾಡಬಹುದು. ಹಾಲು, ನೀರು, ಇನ್ನೂ ಬೇಕು, ಸಾಕು, ನಿದ್ದೆ ಎಂಬಂತೆ ದಿನಬಳಕೆಯ ನಾಲ್ಕೈದು ಸನ್ನೆಗಳೇ ಮೊದಲಿಗೆ ಸಾಕು. ಸನ್ನೆ ಮಾಡುವಾಗಲೆಲ್ಲ ಬಾಯಲ್ಲಿ ಕನ್ನಡದ ಮಾತನ್ನೂ ಹೇಳಬೇಕು, ಇದನ್ನು ಮರೆಯಲೇಬಾರದು. ಕೂಸು ನಿಮ್ಮ ಮುಖವನ್ನು ನೋಡುತ್ತಿರುವಾಗ ಮಾಡಬೇಕು. ಅಜ್ಜಿ, ಅಪ್ಪ, ಅಕ್ಕ ಎಲ್ಲರೂ ಒಂದು ವಸ್ತುವಿಗೆ ಒಂದೇ ಸನ್ನೆಯನ್ನು ಬಳಸಬೇಕು. ಕೂಸು ಕೂಡಲೇ ತಿರುಗಿ ಮಾಡಲಿಲ್ಲವೆಂದು ಬೇಸರಿಸಬಾರದು, ತಿಂಗಳುಗಳೇ ಹಿಡಿದೀತು. ಸನ್ನೆ ಮಾಡಿದರೆ ಮಾತ್ರ ಹಾಲು ಎಂದು ಕೂಸನ್ನು ಅಳಿಸುವುದು ಪಾಪದ ಕೆಲಸ. ಬಂದ ನೆಂಟರೆದುರು ಕೋತಿಯಾಟದಂತೆ ಮಾಡಿಸಿ ತೋರಿಸುವುದೂ ಬೇಡ. ಸನ್ನೆಗಳನ್ನು ಮನಸ್ಸಿಗೆ ಬಂದಂತೆ ಕಟ್ಟದೆ ಭಾರತೀಯ ಸನ್ನೆಭಾಷೆಯ ನಿಘಂಟಿನಿಂದಲೋ, ಅದಕ್ಕಿಂತ ಮೇಲಾಗಿ ಕಿವುಡರಿಂದಲೋ ಕಲಿತರೆ, ನಾಳೆ ಅದೇ ಕೂಸು ಬೀದಿಯಲ್ಲಿ ಕಿವುಡ ಮಗುವೊಂದನ್ನು ಕಂಡಾಗ ಆ ನಾಲ್ಕು ಸನ್ನೆಗಳು ನಿಜವಾದ ಮಾತಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಕೈಮುಗಿದು ಹೇಳುತ್ತೇವೆ. ಕೂಸು ಸನ್ನೆ ಮಾಡುತ್ತಿದೆಯೆಂಬ ಸಮಾಧಾನದಲ್ಲಿ ಕಿವಿಯ ಪರೀಕ್ಷೆಯನ್ನು ಮರೆಯಬಾರದು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ದೋಷವಿರುವಂತೆ ಕಂಡರೆ ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಚಿಕಿತ್ಸೆಯ ಹಾಗೂ ಭಾಷೆಯ ಏರ್ಪಾಡು, ಇದು ವೈದ್ಯರು ಹಾಕಿಕೊಟ್ಟಿರುವ ಕ್ರಮ. ಮಲಗಿರುವ ಕೂಸಿನ ಕಿವಿಗೆ ಮೃದುವಾದ ಶಬ್ದವನ್ನು ಕಳುಹಿಸಿ, ಒಳಕಿವಿಯಿಂದ ಹಿಂದಿರುಗುವ ಸೂಕ್ಷ್ಮ ಧ್ವನಿಯನ್ನು ಯಂತ್ರದಿಂದ ಅಳೆಯುತ್ತಾರೆ, ಸೂಜಿಯಿಲ್ಲ, ನೋವಿಲ್ಲ. ದೊಡ್ಡ ಸದ್ದಿಗೆ ಬೆಚ್ಚದ ಕೂಸು, ಹತ್ತು ತಿಂಗಳಾದರೂ ಬಬ್ಬಬ್ಬ ಎಂದು ತೊದಲದ ಕೂಸು, ಒಂದೂವರೆ ವರ್ಷವಾದರೂ ಒಂದು ಮಾತೂ ಆಡದ ಕೂಸು, ಇವುಗಳನ್ನು ತಡಮಾಡದೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಚಿಕ್ಕ ವಯಸ್ಸಿನಲ್ಲಿಯೇ ಪತ್ತೆಯಾದರೆ, ಒಳಕಿವಿಗೆ ಉಪಕರಣವನ್ನು ಅಳವಡಿಸುವ ಶಸ್ತ್ರಚಿಕಿತ್ಸೆಗೂ ತಮಿಳುನಾಡು ಸರ್ಕಾರದ ಮುಖ್ಯಮಂತ್ರಿಗಳ ವಿಮಾ ಯೋಜನೆಯಲ್ಲಿ ನೆರವುಂಟು. ಅಂಥ ಮಗುವಿಗೂ ಸನ್ನೆ ಬಾಧಕವಲ್ಲ. ಶಸ್ತ್ರಚಿಕಿತ್ಸೆಗೆ ಕಾಯುವಾಗಲೂ, ಉಪಕರಣವನ್ನು ತೆಗೆದಿಟ್ಟು ಮಲಗುವಾಗಲೂ ಮಗುವಿಗೆ ಒಂದು ಭಾಷೆ ಇರಲೇಬೇಕು. ಮಗ್ಗದ ಮನೆಯವರಿಗೆ ಇನ್ನೊಂದು ಮಾತು: ತೊಟ್ಟಿಲನ್ನು ಮಗ್ಗದ ಸದ್ದಿನಿಂದ ದೂರವಿಡಿ. 85 ಡೆಸಿಬೆಲ್ ಮೀರಿದ ಸದ್ದನ್ನು ದಿನವೂ ಗಂಟೆಗಟ್ಟಲೆ ಕೇಳಿದರೆ ದೊಡ್ಡವರ ಕಿವಿಯೇ ಮಂದವಾಗುತ್ತದೆ.

ಮೂರು ಭಾಷೆಗಳಿಂದ ಮಗು ಗೊಂದಲಗೊಂಡಿದೆ, ಕಾಯಿರಿ ಎಂದು ಯಾರಾದರೂ ಹೇಳಿದರೆ, ಹೇಳಿದವರು ಶಾಲೆಯ ಮುಖ್ಯೋಪಾಧ್ಯಾಯರೇ ಆಗಿದ್ದರೂ ಸರಿಯೇ, ದಯವಿಟ್ಟು ಕಾಯಬೇಡಿರಿ.

ಆ ಹುಡುಗನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವನು ಈಗ ಕಿವುಡ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾನೆ. ಕಳೆದುಹೋದ ಎರಡು ವರ್ಷಗಳು ಮರಳಿ ಬರಲಿಲ್ಲ. ಓದಿನಲ್ಲಿ ಓರಗೆಯವರಿಗಿಂತ ಹಿಂದಿದ್ದಾನೆ. ಅವನ ತಂದೆತಾಯಿಗಳು ಭಾನುವಾರಗಳಂದು ಸನ್ನೆಯನ್ನು ಕಲಿಯುತ್ತಿದ್ದಾರೆ. ಮಗ್ಗದ ಗದ್ದಲದ ನಡುವೆ ಆ ತಂದೆ ಈಗ ಮಗನೊಡನೆ ಮಾತನಾಡಬಲ್ಲರು. ನಮ್ಮೊಡನೆ ಮಾತನಾಡಲು ಮಾತ್ರ ಹೊರಗೆ ಬರಬೇಕು. ಅಕ್ಕ ನಮ್ಮಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆ. ಶುಕ್ರವಾರದ ಪಾಠದಲ್ಲಿ ತರುಣ ಉಪಾಧ್ಯಾಯರ ಪಕ್ಕದಲ್ಲಿ ನಿಂತು, ಅವರ ಸನ್ನೆಯನ್ನು ಚಿಕ್ಕ ಮಕ್ಕಳಿಗೆ ಕನ್ನಡದಲ್ಲಿ ಹೇಳುವವಳು ಅವಳೇ.

ಕಳೆದ ತಿಂಗಳು ಅವಳು ತಮ್ಮನನ್ನು ಶಾಲೆಗೆ ಕರೆತಂದಿದ್ದಳು. ಒಂದನೆಯ ತರಗತಿಯ ಮಕ್ಕಳು ಅವನನ್ನು ಸುತ್ತುವರಿದು, ತಮಗೆ ಬರುವ ಹದಿನೈದು ಇಪ್ಪತ್ತು ಸನ್ನೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಅವನ ಮೇಲೆ ಸುರಿದರು. ಹೆಸರೇನು? ಊಟವಾಯಿತೇ? ಆಡಲು ಬರುತ್ತೀಯಾ? ಅವನು ಒಬ್ಬೊಬ್ಬರಿಗೂ ಉತ್ತರ ಕೊಟ್ಟು, ತಪ್ಪಾಗಿ ಮಾಡಿದವರ ಬೆರಳನ್ನು ಹಿಡಿದು ತಿದ್ದುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ನಮ್ಮನ್ನು ಕಂಡು ಅವನು ಅಂಗೈಯ ಮೇಲೆ ಬರೆದು, ಕಿವಿ ಹಿಂಡುವ ಆ ಹಳೆಯ ಸನ್ನೆಯನ್ನು ಮಾಡಿದ. ಅದು ನಿಘಂಟಿನಲ್ಲಿಲ್ಲದ ಸನ್ನೆ; ಆ ಮನೆಯಲ್ಲಿ ನಮ್ಮ ಹೆಸರು ಅದೇ. ಅವನ ಮುಂದೆ ನಾವು ನಮ್ಮ ಕಿವಿಯನ್ನೇ ಹಿಡಿದುಕೊಂಡೆವು. ಮಕ್ಕಳೆಲ್ಲರೂ ನಕ್ಕರು.

ತಮ್ಮ ಮನೆಯ ಮಕ್ಕಳು ಶುಕ್ರವಾರ ಸಂಜೆ ಕೈ ಆಡಿಸುತ್ತ ಬಂದರೆ ಗದರಿಸದೆ, ಇಂದು ಏನು ಕಲಿತೆ ಎಂದು ಕೇಳಿ, ತಾವೂ ಒಂದೊಂದನ್ನು ಕಲಿಯಬೇಕೆಂದು ಪ್ರಾರ್ಥಿಸುತ್ತೇವೆ.